ಎರಡನೇ ಹೆಸರಿನ ಖಾನೆ

೬ ನವೆಂಬರ್ ೨೦೦೬, ಸೋಮವಾರ

ಇಂದು ಹುಕ್ಕೇರಿಯಿಂದ ದಾಖಲೆಗಳನ್ನು ಹದಿನಾಲ್ಕು ಸಲ ಕಳಿಸಿದರು. ಹದಿನಾಲ್ಕು ಸಲವೂ ನಮ್ಮ ಕಂಪ್ಯೂಟರ್ ತಿರುಗಿಸಿ ಕಳಿಸಿತು. ಪ್ರತಿ ಸಲವೂ ಅದೇ ಕೆಂಪು ಸಾಲು: ನಿರೀಕ್ಷಿಸದ ಅಂಶ ಬಂದಿದೆ, ಓದಲಾಗುತ್ತಿಲ್ಲ.

ಕೆಲಸ ಹೇಳಲು ಸುಲಭ. ಹುಕ್ಕೇರಿಯ ಹೆರಿಗೆ ಕೇಂದ್ರದಲ್ಲಿ ತೋರಿಸಿಕೊಂಡ ಬಸುರಿಯರ ಮಾಹಿತಿ ಗೋಕಾಕದ ನಮ್ಮ ದೊಡ್ಡ ಆಸ್ಪತ್ರೆಗೆ ಬರಬೇಕು. ಇಲ್ಲಿಂದ ಮೂಡಲಗಿ ಕೇಂದ್ರದವರೂ ಅದನ್ನು ತೆರೆದು ನೋಡುವಂತಿರಬೇಕು. ಬೆಳಗಾವಿಯ ಕಂಪನಿಯೊಂದು ಪ್ರೋಗ್ರಾಂ ಬರೆದುಕೊಟ್ಟು, ದಪ್ಪನೆಯ ಕೈಪಿಡಿ ಕೈಗಿಟ್ಟು ಹೋಗಿದೆ. ಉಳಿದವಳು ನಾನು. ಗಣಿತದಲ್ಲಿ ಎಂ.ಎಸ್ಸಿ. ಮಾಡಿ ನಲವತ್ತೆರಡಕ್ಕೆ ಕಂಪ್ಯೂಟರ್ ಕಲಿತವಳು. ಈಗ ನಲವತ್ತೆಂಟು.

ನನಗೇ ಸ್ಪಷ್ಟವಾಗಲಿ ಎಂದು ಬರೆದುಕೊಳ್ಳುತ್ತೇನೆ. ಬರುವ ಎಕ್ಸ್‌ಎಂಎಲ್ ಫೈಲು ಒಂದು ಗಂಟು ಇದ್ದಂತೆ. ಒಳಗಿನ ಪ್ರತಿ ಸಂಗತಿಗೂ ಚೀಟಿ ಕಟ್ಟಿದೆ: ಇದು ಹೆಸರು, ಇದು ಊರು, ಇದು ರಕ್ತದ ಗುಂಪು. ಈ ಕಡೆ ನಮ್ಮಲ್ಲಿ ಖಾನೆಗಳಿವೆ. ಯಾವ ಚೀಟಿ ಯಾವ ಖಾನೆಗೆ ಎಂದು ಹೇಳುವುದು ಬೈಂಡಿಂಗ್ ಫೈಲ್. ಖಾನೆಯಿಲ್ಲದ ಒಂದೇ ಒಂದು ಚೀಟಿ ಕಂಡರೂ ಅದು ಇಡೀ ಗಂಟನ್ನು ಹೊರಗೆಸೆಯುತ್ತದೆ.

ಸಂಜೆ ಜಿನದತ್ತ ಡಾಕ್ಟರು ಬಂದು ಕುರ್ಚಿಯ ಬೆನ್ನು ಹಿಡಿದು ನಿಂತರು. "ಮೇಡಮ್, ಇಪ್ಪತ್ತನೇ ತಾರೀಖಿಗೆ ಕಾಗದದ ಕಾರ್ಡ್ ಬಂದ್ ಮಾಡೂದು ಖರೆ. ಹೋದ ವರ್ಷದ್ದು ನೆನಪೈತಲ್ಲ?"

ನೆನಪಿದೆ. ಒಬ್ಬ ಬಸುರಿಯ ಕಾರ್ಡು ಸೀರೆಯ ಗಂಟಿನಲ್ಲೇ ಒಗೆತಕ್ಕೆ ಹೋಗಿತ್ತು. ತಾಯಿಯದು ನೆಗೆಟಿವ್ ರಕ್ತ, ಕೂಸಿನದು ಪಾಸಿಟಿವ್. ಹಾಗಿದ್ದರೆ ಹೆರಿಗೆಯಾದ ಎಪ್ಪತ್ತೆರಡು ತಾಸಿನೊಳಗೆ ತಾಯಿಗೆ ಒಂದು ಇಂಜೆಕ್ಷನ್ ಬೀಳಬೇಕು. ಯಾರಿಗೂ ಗೊತ್ತಾಗಲಿಲ್ಲ. ಹುಟ್ಟಿದ ಕೂಸಿಗೆ ಏನೂ ಆಗುವುದಿಲ್ಲ. ಪೆಟ್ಟು ಬೀಳುವುದು ಮುಂದಿನದಕ್ಕೆ. ಅವಳ ಎರಡನೆಯ ಕೂಸು ಈ ಶ್ರಾವಣದಲ್ಲಿ ಹುಟ್ಟಿ ಎರಡೇ ದಿನ ಇತ್ತು.

೯ ನವೆಂಬರ್, ಗುರುವಾರ

ಗುರುತಿಲ್ಲದ ಚೀಟಿ ಕಂಡರೂ ಗಂಟನ್ನು ಎಸೆಯಬೇಡ ಎಂದು ಬರೆದ ಮೇಲೆ ಗಂಟುಗಳು ಒಳಗೆ ಬರುತ್ತಿವೆ, ಕೆಂಪು ಸಾಲು ಇಲ್ಲ. ಕುಣಿಯಬೇಕೆನಿಸಿತು. ತೆರೆದು ನೋಡಿದರೆ ಎಲ್ಲ ಖಾನೆಗಳೂ ಖಾಲಿ. ಹೆಸರಿಲ್ಲ, ಊರಿಲ್ಲ, ರಕ್ತವಿಲ್ಲ. ಸಾಲಾಗಿ ಕೂತ ನಾನೂರು ಯಾರೂ ಅಲ್ಲದವರು.

ಹುಕ್ಕೇರಿಯವರದು ಹೋದ ವರ್ಷದ ನಮೂನೆ, ನಮ್ಮದು ಈ ವರ್ಷದ್ದು. ಚೀಟಿಗಳ ಮೇಲಿನ ವಿಳಾಸ ಬೇರೆಯಾದ್ದರಿಂದ ನಮ್ಮ ಖಾನೆಗಳು ಅವನ್ನು ತಮ್ಮವು ಎಂದುಕೊಳ್ಳಲೇ ಇಲ್ಲ. ಕೂಗಾಡುವ ತಪ್ಪೇ ವಾಸಿ. ಸುಮ್ಮನಿರುವ ತಪ್ಪು ಹೆದರಿಸುತ್ತದೆ.

ಮಧ್ಯಾಹ್ನ ಡಬ್ಬಿ ಬಿಚ್ಚಲಿಲ್ಲ. ಓದಲು ತಂದ ಕವಿತೆಯ ಪುಸ್ತಕವನ್ನೂ ತೆರೆಯಲಿಲ್ಲ.

೧೪ ನವೆಂಬರ್, ಮಂಗಳವಾರ

ಎರಡೂ ಕಡೆ ಒಂದೇ ನಮೂನೆ ಹಾಕಿದೆ. ೪೩೮ರಲ್ಲಿ ೩೭೭ ತುಂಬಿಕೊಂಡು ಬಂದವು. ೬೧ ಬರಲೊಲ್ಲವು. ಇಪ್ಪತ್ತಕ್ಕೆ ಆರು ದಿನ ಉಳಿದಿವೆ.

ಅರವತ್ತೊಂದನ್ನೂ ಒಂದೊಂದಾಗಿ ಬಿಚ್ಚಿ ನೋಡಿದೆ. ಕಣ್ಣುಗಳು ಉರಿಯುತ್ತಿವೆ. ಕೊನೆಗೆ ಸಿಕ್ಕಿತು. ಈ ಅರವತ್ತೊಂದರಲ್ಲೂ ಹೆಸರಿನ ಚೀಟಿ ಎರಡೆರಡು ಇವೆ. ನಮ್ಮಲ್ಲಿರುವುದು ಒಂದೇ ಖಾನೆ.

ಹುಕ್ಕೇರಿಯ ಸಿಸ್ಟರ್ ಗೌರಕ್ಕನಿಗೆ ಫೋನ್ ಮಾಡಿದೆ. ಸ್ವಲ್ಪ ಬಿರುಸಾಗಿಯೇ ಮಾತಾಡಿದೆನೇನೋ.

"ಒಬ್ಬರಿಗೆ ಎರಡೆರಡು ಹೆಸರು ಯಾಕ ಬರ್ದೀರಿ, ಗೌರಕ್ಕಾ?"

"ಒಂದು ತವರಿಂದು, ಒಂದು ಗಂಡನ ಮನೀದು ರೀ ಮೇಡಮ್. ಕಾರ್ಡಿನ್ಯಾಗೂ ನಾ ಹಂಗ ಬರೀತಿದ್ದೆ. ಯಾಕಂದ್ರ ಹೆರಿಗಿಗೆ ಅವ್ರು..."

"ಕಂಪ್ಯೂಟರಿಗೆ ಒಂದ ಸಾಕ್ರಿ. ಉಳಿದದ್ದು ಆಮ್ಯಾಲ ಮಾತಾಡೂಣು."

"ಆತ್ರಿ. ನೀವು ಓದಿದವ್ರು," ಎಂದಳು. ಇಟ್ಟುಬಿಟ್ಟೆ.

ಯಾವುದನ್ನು ಉಳಿಸುವುದು ಎಂಬ ಪ್ರಶ್ನೆಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಗಂಡನ ಮನೆಯದೇ ಈಗಿನ ಹೆಸರು. ಹಿಂದಿನದನ್ನು ಬಿಟ್ಟುಬಿಡು ಎಂದು ಬೈಂಡಿಂಗ್ ಫೈಲಿನಲ್ಲಿ ಒಂದು ಸಾಲು ಬರೆದೆ. ನಮ್ಮ ಕಡೆ ಯಾರ ಮನೆಯಲ್ಲೂ ಇದು ಹೊಸದಲ್ಲ. ನನ್ನ ಮದುವೆಯ ದಿನ ತಾಟಿನಲ್ಲಿ ಅಕ್ಕಿ ಹರವಿ ಇವರು ಉಂಗುರದಿಂದ ನನ್ನ ಹೊಸ ಹೆಸರು 'ಶುಭಾಂಗಿ' ಎಂದು ಬರೆದರು. ಮರುದಿನ ಆ ಅಕ್ಕಿ ಅನ್ನವಾಯಿತು. ಎಂ.ಎಸ್ಸಿ. ಸರ್ಟಿಫಿಕೇಟಿನಲ್ಲಿ ಹಳೆಯ ಹೆಸರು ಇರುವುದರಿಂದ ಕೆಲಸಕ್ಕೆ ಸೇರುವಾಗ ಇಬ್ಬರೂ ಒಬ್ಬಳೇ ಎಂದು ಅಫಿಡವಿಟ್ ಮಾಡಿಸಬೇಕಾಯಿತು. ಅಷ್ಟೇ ತೊಂದರೆ.

೪೩೮ಕ್ಕೆ ೪೩೮ ಬಂದವು.

೧೭ ನವೆಂಬರ್, ಶುಕ್ರವಾರ

ಡಾಕ್ಟರು ಎಲ್ಲರಿಗೂ ಕರದಂಟು ಹಂಚಿದರು. "ಮೇಡಮ್ ಇಲ್ಲಂದ್ರ ಬೆಳಗಾವಿ ಮಂದಿ ಕಾಲು ಹಿಡೀಬೇಕಾಗ್ತಿತ್ತು," ಎಂದು ಎಲ್ಲರೆದುರು ಹೇಳಿದರು. ನಾಳೆ ಹುಕ್ಕೇರಿಯಲ್ಲಿ ಕಾರ್ಡುಗಳನ್ನು ಮರಳಿ ಪಡೆದು ಕಟ್ಟಿಡುತ್ತಾರೆ.

ರಾತ್ರಿ ಊಟಕ್ಕೆ ಮೊದಲು ಎರಡು ಕವಿತೆ ಓದಿದೆ. ತಲೆ ಹಗುರವಾಗಿದೆ.

೨೧ ನವೆಂಬರ್, ಮಂಗಳವಾರ

ಬೆಳಿಗ್ಗೆ ಎಂಟೂವರೆಗೆ ಮೂಡಲಗಿಯಿಂದ ಸಿಸ್ಟರ್ ದುಂಡವ್ವನ ಫೋನು.

"ಮೇಡಮ್ಮಾರ, ನಿಮ್ಮ ಕಂಪ್ಯೂಟರ್ ಈಕಿ ಹುಟ್ಟೇ ಇಲ್ಲ ಅನ್ನಾಕತ್ತೈತಿ. ಇಲ್ಲಿ ನೋಡಿದ್ರ ಈಕಿ ಹೊಟ್ಟಿ ಹಿಡ್ಕೊಂಡು ಆಸ್ಪತ್ರಿ ಹಾರಿ ಹೋಗೂವಂಗ ಒದರಾಕತ್ತಾಳ!"

"ಹೆಸರೇನ್ರಿ?"

"ಕಾಡವ್ವ. ತಂದಿ ಯಲ್ಲಾರಿ, ಇಲ್ಲೇ ಬಾಜೂ ಹಳ್ಳಿಯವ್ರು. ಹುಕ್ಕೇರಿ ಕಡೆ ಕೊಟ್ಟಾರ. ಚೊಚ್ಚಲ ಹೆರಿಗಿ, ತವರಿಗೆ ಬಂದಾಳ."

ಹುಡುಕಿದೆ. 'ದಾಖಲೆ ಇಲ್ಲ.' ಮತ್ತೆ ಹುಡುಕಿದೆ. ಇಲ್ಲ. ಅಷ್ಟರಲ್ಲಿ ಹುಡುಗಿಯ ತಾಯಿ ಗುಡ್ಡವ್ವ ಫೋನು ಕಸಿದುಕೊಂಡಂತಿತ್ತು.

"ಅಕ್ಕಾರ, ನಾಕ್ ಸಲ ತೋರಿಸ್ಕೊಂಡಾಳ್ರಿ ಹುಕ್ಕೇರ್ಯಾಗ. ಬೆರಳ ಚುಚ್ಚಿ ರಕ್ತಾನೂ ತಗೊಂಡಾರ. ಕಾರ್ಡ್ ಶನಿವಾರ ಇಸ್ಕೊಂಡ್ರು. ಇನ್ನ ಎಲ್ಲಾ ಕಂಪ್ಯೂಟರ್‌ನ್ಯಾಗ ಐತಿ ಅಂದ್ರು. ಎಲ್ಲೈತ್ರಿ?"

ಡಾಕ್ಟರು ಹೊಸ ಪೇಷಂಟ್ ಎಂದು ಬರೆದುಕೊಳ್ಳಲು ಹೇಳಿದರು. ರಕ್ತದ ಗುಂಪಿನ ಖಾನೆಯಲ್ಲಿ: ಗೊತ್ತಿಲ್ಲ.

ಹನ್ನೊಂದೂವರೆಗೆ ಹೆರಿಗೆಯಾಯಿತು. ಹೆಣ್ಣು ಕೂಸು. ತಾಯಿಯದೂ ಕೂಸಿನದೂ ರಕ್ತ ತೆಗೆದು ದುಂಡವ್ವ ಮಧ್ಯಾಹ್ನದ ಬಸ್ಸಿನಲ್ಲಿ ಗೋಕಾಕಕ್ಕೆ ಕಳಿಸಿದಳು. ಅದು ಬರುವಷ್ಟರಲ್ಲಿ ಲ್ಯಾಬಿನವರು ಹೋಗಿದ್ದರು. ಅವರು ಬರುವುದು ಮಂಗಳವಾರ, ಶುಕ್ರವಾರ ಮಾತ್ರ. ಶುಕ್ರವಾರ ಮೂರು ಗಂಟೆಗೆ. ಸೀಸೆಗಳು ಫ್ರಿಜ್ಜಿನಲ್ಲಿವೆ.

ಮಂಗಳವಾರ ಹನ್ನೊಂದೂವರೆಯಿಂದ ಎಪ್ಪತ್ತೆರಡು ತಾಸು ಎಂದರೆ ಶುಕ್ರವಾರ ಹನ್ನೊಂದೂವರೆ. ಯಾಕೆ ಎಣಿಸಿದೆನೋ. ನೂರರಲ್ಲಿ ತೊಂಬತ್ತೈದು ಮಂದಿಯದು ಪಾಸಿಟಿವ್ ರಕ್ತವೇ ಇರುತ್ತದೆ ಎಂದು ಡಾಕ್ಟರು ಹೇಳಿದರು.

೨೨ ನವೆಂಬರ್, ಬುಧವಾರ

ಎಲ್ಲೂ ಕೆಂಪು ಸಾಲಿಲ್ಲ. ಕಳಿಸಿದ್ದು ೪೩೮, ಬಂದದ್ದು ೪೩೮. ಲೆಕ್ಕ ಸರಿಯಿದೆ, ಹುಡುಗಿ ಇಲ್ಲ.

ಗೌರಕ್ಕ ಬಸುರಿ ಸೊಸೆಯ ಕುಬಸಕ್ಕೆಂದು ರಜೆಯ ಮೇಲಿದ್ದಾಳೆ, ಶುಕ್ರವಾರ ಬರುತ್ತಾಳೆ. ಅಲ್ಲಿನ ಪ್ಯೂನ್ ರಾಚಪ್ಪನಿಂದ ಕಟ್ಟಿಟ್ಟ ಕಾರ್ಡುಗಳನ್ನು ಬಿಚ್ಚಿಸಿದೆ. ಒಂದು ತಾಸಿನ ಮೇಲೆ ಫೋನ್ ಮಾಡಿದ. "ಕಾಡವ್ವ ಅಂತ ಒಂದೂ ಇಲ್ರಿ ಮೇಡಮ್. ಮ್ಯಾಲಿನ ಹೆಸರು ಎರಡು ಸಲ ನೋಡೇನಿ. ಆ ಹುಡುಗಿ ಬ್ಯಾರೆ ಯಾವುದರ ಆಸ್ಪತ್ರಿಗೆ ಹೋಗಿರಬೇಕ್ರಿ."

ಇರಬಹುದು. ಆದರೆ ಗುಡ್ಡವ್ವ ನಾಲ್ಕು ಸಲ ಎಂದಳಲ್ಲ. ಮಗಳು ನಾಲ್ಕು ಸಲ ಹೋದ ಆಸ್ಪತ್ರೆ ಯಾವುದೆಂದು ತಾಯಿ ಮರೆಯುತ್ತಾಳೆಯೇ?

ಊಟಕ್ಕೆ ಕೂತಾಗ ಇವರು, "ಯಂತ್ರ ಇಲ್ಲ ಅಂದ್ರ ಇಲ್ಲ, ಶುಭಾ. ನೀ ಅದರ ಜೋಡಿ ಜಗಳ ಹೂಡಬ್ಯಾಡ," ಎಂದರು. ನಮ್ಮ ತವನಪ್ಪನವರು ಇಡೀ ಬಾಳಿನಲ್ಲಿ ಯಾರ ಜೊತೆಗೂ ಜಗಳ ಹೂಡಿದವರಲ್ಲ.

ನಲವತ್ತು ತಾಸು ಉಳಿದಿವೆ.

೨೩ ನವೆಂಬರ್, ಗುರುವಾರ

ನಡೆದದ್ದನ್ನು ನಡೆದ ಹಾಗೆಯೇ ಬರೆಯಬೇಕು.

ಬೆಳಿಗ್ಗೆ ಹನ್ನೊಂದರ ಸುಮಾರು. ಫೋನಿನ ಬಳಿ ಕೂರುವ ಹೊಸ ಹುಡುಗಿ ಆರತಿಯ ಮೇಜು ನನ್ನ ಮೇಜಿಗೆ ತಾಗಿಕೊಂಡಿದೆ. ನಾನು ಬೈಂಡಿಂಗ್ ಫೈಲನ್ನು ಮೊದಲ ಸಾಲಿನಿಂದ ಓದುತ್ತಿದ್ದೆ. ಫೋನು ಬಂತು.

"ಯಾರು ಬೇಕ್ರಿ?... ಯಾರು? ಇಲ್ರಿ, ಆ ಹೆಸರಿನವ್ರು ನಮ್ಮಲ್ಲಿ ಯಾರೂ ಇಲ್ರಿ... ಇಲ್ಲಂದ್ರ ಇಲ್ರೀ ಕಾಕಾ, ನಾ ಇಲ್ಲೇ ಕೂತೇನಿ, ನನಗ ಗೊತ್ತಿಲ್ಲೇನ್ರಿ?" ಎಂದು ಇಟ್ಟುಬಿಟ್ಟಳು.

"ಯಾರು ಬೇಕಂತ?" ಎಂದು ಪರದೆಯಿಂದ ಕಣ್ಣು ತೆಗೆಯದೇ ಕೇಳಿದೆ.

"ಬೆಲ್ಲದ ಬಾಗೇವಾಡಿಯಿಂದ ಯಾರೋ. ರಾಜಮತಿ ಅದಾಳೇನು, ಶೇಂಗಾ ಕೊಟ್ಟು ಕಳಸೇನಿ, ಬಸ್‌ಸ್ಟ್ಯಾಂಡಿಗೆ ಬಂದು ತಗೋ ಅಂತ ಹೇಳು ಅಂದ. ರಾಂಗ್ ನಂಬರ್ ರೀ."

ನನ್ನ ತಮ್ಮ. ನಾನು ಅವಳಿಂದ ಒಂದು ಮೊಳ ದೂರದಲ್ಲಿ ಕೂತಿದ್ದೆ.

ಆರತಿ ಸುಳ್ಳು ಹೇಳಿರಲಿಲ್ಲ. ಅವಳಿಗೆ ಕೊಟ್ಟ ಪಟ್ಟಿಯಲ್ಲಿ ಇರುವುದು ಶುಭಾಂಗಿ ಮೇಡಮ್. ನಾನೇ ಬರೆದ ಆ ಒಂದು ಸಾಲು ಪರದೆಯ ಮೇಲೆ ಕಣ್ಣೆದುರಿಗೇ ಇತ್ತು. ಹಿಂದಿನದನ್ನು ಬಿಟ್ಟುಬಿಡು.

ಹುಕ್ಕೇರಿಯಿಂದ ಬಂದ ಮೂಲ ಫೈಲುಗಳನ್ನು ನಾನು ಅಳಿಸಿರಲಿಲ್ಲ. ಅವುಗಳಲ್ಲಿ ನೇರವಾಗಿ ಹುಡುಕಿದೆ. ಮೊದಲ ಹೆಸರು ಕಾಡವ್ವ. ಎರಡನೇ ಹೆಸರು ಪೂನಮ್. ಗಂಡ ಅರ್ಜುನ. ರಕ್ತದ ಗುಂಪು ಓ ನೆಗೆಟಿವ್.

ಡಾಕ್ಟರ ಕೋಣೆಗೆ ಓಡಿದೆ. ಓಡಿ ಎಷ್ಟು ವರ್ಷವಾಗಿತ್ತೋ. ಅವರು ಫ್ರಿಜ್ಜಿನಿಂದ ಸೀಸೆಗಳನ್ನು ತೆಗೆದು ತಾವೇ ಪರೀಕ್ಷೆ ಮಾಡಿದರು. ತಾಯಿ ಓ ನೆಗೆಟಿವ್, ಕೂಸು ಬಿ ಪಾಸಿಟಿವ್. "ಇದನ್ನ ನಾ ಮಂಗಳವಾರನ ಮಾಡಬಹುದಿತ್ತು," ಎಂದರು. ಅಷ್ಟೇ ಅಂದರು.

ಆ ಇಂಜೆಕ್ಷನ್ ನಮ್ಮಲ್ಲಿ ಇರಲಿಲ್ಲ. ನಾಲ್ಕು ಕಡೆ ಫೋನ್ ಮಾಡಿದ ಮೇಲೆ ಘಟಪ್ರಭಾದ ಒಂದು ಔಷಧಿ ಅಂಗಡಿಯಲ್ಲಿ ಒಂದೇ ಒಂದು ಇದೆ ಎಂದರು. ನಾನು ಮನೆಗೆ ಫೋನ್ ಮಾಡಿದೆ. ಯಾಕೆ ಏನು ಎಂದು ಕೇಳದೆ ಇವರು ಸ್ಕೂಟರ್ ಹೊರಡಿಸಿದರು. ಮೂರು ಗಂಟೆಗೆ ಐಸ್ ತುಂಬಿದ ಥರ್ಮಾಸನ್ನು ಕೂಸಿನಂತೆ ಎದೆಗವಚಿಕೊಂಡು ಆಸ್ಪತ್ರೆಯ ಬಾಗಿಲಿಗೆ ಬಂದರು. ಕೂದಲ ತುಂಬ ಧೂಳು.

ಮೂಡಲಗಿಗೆ ಫೋನ್ ಹೋಗುವಷ್ಟರಲ್ಲಿ ಇನ್ನೊಂದು ಸಂಕಟ. ತಾಯಿಯನ್ನೂ ಕೂಸನ್ನೂ ಮನೆಗೆ ಒಯ್ಯಲು ಯಲ್ಲಾರಿ ಟೆಂಪೋ ತಂದಿದ್ದಾನೆ. ಅವರ ಹಳ್ಳಿಯಲ್ಲಿ ಫೋನಿಲ್ಲ.

"ದುಂಡವ್ವಾ, ನಾ ಬರೂತನಕ ಬಿಡಬ್ಯಾಡ್ರಿ."

"ಹೆಂಗ ಹೋಗ್ತಾರ, ನಾನೂ ನೋಡ್ತೇನಿ," ಎಂದಳು.

ಜೀಪು ಮೂಡಲಗಿ ಮುಟ್ಟಿದಾಗ ಐದಕ್ಕೆ ಹತ್ತು ನಿಮಿಷ. ದುಂಡವ್ವ ಬಾಗಿಲಿಗೆ ಅಡ್ಡವಾಗಿ ಸ್ಟೂಲು ಹಾಕಿಕೊಂಡು, ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಎದುರಿಗೆ ಗುಡ್ಡವ್ವ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಟೆಂಪೋದಾವ ಹೋಗ್ತೇನಿ ಅನ್ನಾಕತ್ತಾನ. ಕೂಸು ಕೊಡ ನಮ್ಮವ್ವ!"

"ನಿನ್ನ ಮಗಳನ್ನ ಒಯ್ಯಬೇ, ಯಾರ ಬ್ಯಾಡ ಅಂದಾರ? ಕೂಸಿಗೆ ನನ್ನ ತೊಡಿ ಮ್ಯಾಲ ನಿದ್ದಿ ಹತ್ತೈತಿ. ಎಬ್ಬಿಸಿದ್ರ ನೋಡು."

ಇಂಜೆಕ್ಷನ್ ಬಿತ್ತು. ಐದು ಗಂಟೆ ಐದು ನಿಮಿಷ. ಇನ್ನೂ ಹದಿನೆಂಟು ತಾಸು ಇದ್ದವು ಎಂದು ಈಗ ಬರೆಯುವಾಗ ಹೊಳೆಯುತ್ತಿದೆ. ಆಗ ಹದಿನೆಂಟು ನಿಮಿಷ ಮಾತ್ರ ಇದ್ದಂತೆ ಓಡಾಡಿದ್ದೆ.

ಹುಡುಗಿಗೆ ಇಪ್ಪತ್ತು ಇರಬಹುದು. ಹಣೆಯ ತುಂಬ ಬೆವರು, ತಲೆಗೆ ಬಿಗಿದ ಸ್ಕಾರ್ಫು. ನಾನು ಮಂಚದ ಅಂಚಿನಲ್ಲಿ ಕೂತೆ.

"ಹುಕ್ಕೇರ್ಯಾಗ ನಿನಗ ಪೂನಮ್ ಅಂತಾರಲ್ಲವ್ವಾ. ಆ ಹೆಸರು ಇಲ್ಲಿ ಹೇಳಲಿಲ್ಲ ಯಾಕ?"

ಅವಳು ತಾಯಿಯ ಮುಖ ನೋಡಿ, ಆಮೇಲೆ ನನ್ನ ಮುಖ ನೋಡಿದಳು. "ನನ್ನ ಯಾರೂ ಕೇಳ್ಲಿಲ್ರಿ," ಎಂದಳು.

ಖರೆ. ತಾಯಿಯನ್ನು ಕೇಳಿದೆವು, ಕಂಪ್ಯೂಟರನ್ನು ಕೇಳಿದೆವು, ರಾಚಪ್ಪನನ್ನು ಕೇಳಿದೆವು.

"ಆ ಹೆಸರ ನಮ್ಮ ನಾಲಿಗಿಗೆ ಎಲ್ಲಿ ಹೊಂದ್ತೈತ್ರಿ?" ಎಂದಳು ಗುಡ್ಡವ್ವ. "ನಮ್ಮತ್ತಿ ಹೆಸರ ಇಟ್ಟಿದ್ವಿ. ಅವ್ರು ಲಗ್ನದಾಗ ಬದಲಿ ಮಾಡಿದ್ರು. ಮನಿಗೆ ಬಂದ್ರ ಈಕಿ ನಮ್ಮ ಕಾಡವ್ವನ."

"ನಿನಗ ಯಾವುದು ಬೇಕು?" ಎಂದು ಹುಡುಗಿಯನ್ನೇ ಕೇಳಿದೆ.

ಅವಳಿಗೆ ನಗು ಬಂತು. "ಎರಡಕ್ಕೂ ಓ ಅಂತೇನ್ರಿ."

ಹೊರಡುವಾಗ ದುಂಡವ್ವ ಚಹಾ ಕೊಟ್ಟಳು. "ಎಲ್ಲಾರದೂ ಕೇಳಿದ್ರಿ. ನಿಮ್ಮ ತವರ ಹೆಸರೇನ್ರಿ ಮೇಡಮ್ಮಾರ?"

ಹೇಳಿದೆ. ಚಹಾ ಕುಡಿದು ಜೀಪು ಹತ್ತಿದೆ.

೨೪ ನವೆಂಬರ್, ಶುಕ್ರವಾರ

ಗೌರಕ್ಕ ಕೆಲಸಕ್ಕೆ ಬಂದ ಕೂಡಲೇ ಫೋನ್ ಮಾಡಿದೆ. "ಅವತ್ತು ನೀವು ಏನೋ ಹೇಳಾಕ ಹೊಂಟಿದ್ರಿ. ನಾ ಕೇಳ್ಲಿಲ್ಲ. ಈಗ ಹೇಳ್ರಿ."

"ಅದ ರೀ. ಹೆರಿಗಿಗೆ ಅವ್ರು ತವರಿಗೆ ಹೋಗ್ತಾರ. ಅಲ್ಲಿ ಗಂಡನ ಮನಿ ಹೆಸರು ಯಾರಿಗೂ ಗೊತ್ತಿರೂದಿಲ್ಲ. ಹದಿನಾರು ವರ್ಷದಿಂದ ಎರಡೂ ಬರೀತೇನ್ರಿ. ರಾಚಪ್ಪ ಮ್ಯಾಲಿನ ಹೆಸರಷ್ಟ ನೋಡ್ಯಾನ, ತವರಿಂದು ಕಾರ್ಡಿನ ಒಳಗಿರ್ತೈತಿ. ಮೇಡಮ್ಮಾರಿಗೂ ಗೊತ್ತಿರ್ತೈತಿ ಅನಕೊಂಡಿದ್ದೆ."

ಗೊತ್ತಿರಬೇಕಿತ್ತು. ತಪ್ಪಾಯಿತು ಎಂದೆ. "ಅಯ್ಯ, ದೊಡ್ಡ ಮಾತು ಬಿಡ್ರಿ," ಎಂದಳು. ಆಮೇಲೆ ಸೊಸೆಯ ಕುಬಸದ ಸುದ್ದಿಯನ್ನು ಹತ್ತು ನಿಮಿಷ ಹೇಳಿದಳು. ಈ ಸಲ ಪೂರ್ತಿ ಕೇಳಿದೆ.

ಉಳಿದ ಅರವತ್ತು ಮಂದಿಯ ತವರಿನ ಹೆಸರುಗಳನ್ನು ಕೈಯಲ್ಲೇ ಬರೆದು ಮೂಡಲಗಿಗೆ ಜೀಪಿನಲ್ಲಿ ಕಳಿಸಿದೆ. ಫೈಲು ಸರಿಯಾಗುವ ತನಕ ದುಂಡವ್ವ ಅದನ್ನು ಗೋಡೆಗೆ ಅಂಟಿಸಿಕೊಳ್ಳಲಿ.

೨೭ ನವೆಂಬರ್, ಸೋಮವಾರ

ಬೈಂಡಿಂಗ್ ಫೈಲಿನಲ್ಲಿ ನಾನು ಬರೆದ ಸಾಲನ್ನು ತೆಗೆದೆ. ಹೆಸರಿನ ಖಾನೆಯಲ್ಲಿ ಎಷ್ಟು ಹೆಸರು ಬಂದರೂ ಹಿಡಿಯುವಂತೆ ಮಾಡಿದೆ. ಯಾವುದರಿಂದ ಹುಡುಕಿದರೂ ಅದೇ ಹೆಂಗಸು ಸಿಗಬೇಕು. ಶನಿವಾರವೂ ಕೂತು ಮಾಡಿದ ಕೆಲಸ. ಮೂರು ಸಲ ಕೆಂಪು ಸಾಲು ಬಂತು. ಬಂದಾಗಲೆಲ್ಲ ಸಮಾಧಾನವಾಯಿತು, ಕನಿಷ್ಠ ಅದು ಮಾತಾಡುತ್ತಿದೆ.

ಎಲ್ಲ ದಾಖಲೆಗಳನ್ನೂ ಮತ್ತೆ ತರಿಸುವ ಮುನ್ನ ಪರೀಕ್ಷೆಗೆ ಒಂದು ಬೇಕಿತ್ತು. ಬೇರೆ ಯಾರದೋ ಯಾಕೆ ಎಂದು ನನ್ನದೇ ಹಾಕಿದೆ. ಮೊದಲ ಹೆಸರು ರಾಜಮತಿ, ಎರಡನೇ ಹೆಸರು ಶುಭಾಂಗಿ. ತವರು ಬೆಲ್ಲದ ಬಾಗೇವಾಡಿ, ಈಗಿನ ಊರು ಗೋಕಾಕ. ಮೂಡಲಗಿಗೆ ಫೋನ್ ಮಾಡಿ ಹುಡುಕಿಸಿದೆ.

"ಸಿಕ್ಕಾಳ್ರೀ!" ಎಂದು ದುಂಡವ್ವ ಒದರಿದಳು. "ಎರಡೂ ಹೆಸರಿಗೆ ಸಿಕ್ಕಾಳ. ವಯಸ್ಸು ನಲವತ್ತೆಂಟಂತ. ಎಷ್ಟನೇ ತಿಂಗಳಾಗ ಅದಾಳ್ರಿ, ಬಯಕಿ ಊಟಾ ಕಳಸಲೇನು?"

ಈ ಹೆಂಗಸಿನ ಬಾಯಿಗೆ ಬೀಗವಿಲ್ಲ. ಆರತಿ ತಿರುಗಿ ನೋಡುವಷ್ಟು ನಕ್ಕೆ.

ಆಮೇಲೆ ೪೩೮ನ್ನೂ ತರಿಸಿದೆ. ಬಂದವು. ಅರವತ್ತೊಂದನ್ನೂ ಎರಡೆರಡು ಹೆಸರಿನಿಂದ, ಒಂದೊಂದಾಗಿ, ನಾನೇ ಹುಡುಕಿ ನೋಡಿದೆ. ಎಲ್ಲರೂ ಇದ್ದಾರೆ.

ಪರೀಕ್ಷೆಯ ದಾಖಲೆ ಒಳಗೆ ಉಳಿಯಬಾರದು. ನಾಳೆ ಅಳಿಸಬೇಕು.

೨ ಡಿಸೆಂಬರ್, ಶನಿವಾರ

ತಮ್ಮ ಕಳಿಸಿದ ಶೇಂಗಾ ಬಸ್‌ಸ್ಟ್ಯಾಂಡಿನ ಕಂಟ್ರೋಲರ್ ಹತ್ತಿರ ಒಂಬತ್ತು ದಿನ ಬಿದ್ದಿತ್ತು. ಚೀಲದ ಮೇಲೆ ಅವನ ದಪ್ಪ ಅಕ್ಷರದಲ್ಲಿ ನನ್ನ ಹೆಸರು. "ಇವ್ರು ನೀವೇನ್ರಿ?" ಎಂದು ಕಂಟ್ರೋಲರ್ ಕೇಳಿದ. ಹೌದು ಎಂದು ಸಹಿ ಮಾಡಿ ತಂದೆ. ಅರ್ಧ ಆರತಿಗೆ ಕೊಟ್ಟೆ. ಅವಳ ಫೋನಿನ ಪಟ್ಟಿಯಲ್ಲಿ ನನ್ನ ಸಾಲಿನಲ್ಲಿ ಒಂದು ಹೆಸರು ಸೇರಿಸಿದೆ.

೧೧ ಡಿಸೆಂಬರ್, ಸೋಮವಾರ

ಇಂದು ಮೂಡಲಗಿಯಲ್ಲಿ ಎರಡು ಹೆರಿಗೆ. ಇಬ್ಬರೂ ಹುಕ್ಕೇರಿ ಕಡೆಯ ಸೊಸೆಯಂದಿರು. ಇಬ್ಬರೂ ತವರಿನ ಹೆಸರಿನಿಂದಲೇ ಸಿಕ್ಕರು. ಒಬ್ಬಳದು ಎ ನೆಗೆಟಿವ್. ಕೂಸು ಹುಟ್ಟುವ ಮೊದಲೇ ಇಂಜೆಕ್ಷನ್ ಫ್ರಿಜ್ಜಿನಲ್ಲಿತ್ತು.

ಮಧ್ಯಾಹ್ನ ಡಾಕ್ಟರು ಹುಕ್ಕೇರಿಯಿಂದ ಮೊದಲು ಬಂದವರ ಪಟ್ಟಿ ನೋಡುತ್ತ, "ಮೇಡಮ್, ೪೩೯ ಅಂತ ತೋರಸ್ತೈತಿ. ಒಂದು ಹೆಚ್ಚಾತಲ್ಲ, ಇದ್ಯಾರು?" ಎಂದು ಕೇಳಿದರು.

ಅದು ಇರಲಿ ಬಿಡ್ರಿ ಎಂದೆ.